ತಿರುಗಾಟದ ಗಾಡಿಗೆ ತಕ್ಕ ಟಯರು

ಮನೆಯಿಂದ ಹೊರಟವರು ಕ್ಷೇಮವಾಗಿ ಮನೆಗೆ ಮರಳಬೇಕೆಂಬುದು ಪ್ರತಿಯೊಂದು ಕುಟುಂಬದ ಹಾರೈಕೆ. ಪ್ರಯಾಣಕ್ಕೆ ಮುನ್ನ ದೇವರಿಗೆ ದೀಪವಿಡುತ್ತೇವೆ, ಗಾಡಿಯ ಮುಂದೆ ತೆಂಗಿನಕಾಯಿ ಒಡೆಯುತ್ತೇವೆ, ಚಕ್ರದಡಿಯಲ್ಲಿ ನಿಂಬೆಹಣ್ಣನ್ನಿಡುತ್ತೇವೆ. ಆ ನಿಂಬೆಹಣ್ಣನ್ನಿಡಲು ಬಾಗಿದವನು ಅದೇ ಹೊತ್ತಿನಲ್ಲಿ ಚಕ್ರದ ಟಯರನ್ನೂ ಒಮ್ಮೆ ಕಣ್ಣಿಟ್ಟು ನೋಡಿದನೆಂದರೆ ಆ ಹಾರೈಕೆಗೆ ಇನ್ನಷ್ಟು ಬಲ ಬರುವುದು. ಏಕೆಂದರೆ ಎಷ್ಟೇ ದೊಡ್ಡ ಗಾಡಿಯಾದರೂ ಅದರ ಒಂದೊಂದು ಚಕ್ರವು ನೆಲವನ್ನು ಮುಟ್ಟುವುದು ಸುಮಾರು ಒಂದು ಅಂಗೈಯಗಲದಷ್ಟು ಸ್ಥಳದಲ್ಲಿ ಮಾತ್ರ. ಒಳಗೆ ಕುಳಿತಿರುವ ಮಕ್ಕಳ, ಮುದುಕರ, ಬಂಧುಬಾಂಧವರ ಪ್ರಾಣವೆಲ್ಲ ಆ ನಾಲ್ಕಾರು ಅಂಗೈಗಳ ಮೇಲೆ ನಿಂತಿರುವುದೆಂಬುದನ್ನು ನಾವು ಮರೆಯಲಾಗದು.

ಇಂಜಿನಿನ ಸದ್ದು ಕೆಟ್ಟರೆ ಚಾಲಕನಿಗೆ ಕೂಡಲೆ ತಿಳಿಯುತ್ತದೆ. ಬ್ರೇಕು ಸಡಿಲವಾದರೆ ಕಾಲಿಗೆ ತಿಳಿಯುತ್ತದೆ. ಟಯರು ಮಾತ್ರ ಒಳಗೊಳಗೇ ಕೆಡುತ್ತ ಬಂದು, ಹೊರಗೆ ಚೆನ್ನಾಗಿಯೇ ಕಾಣುತ್ತಿದ್ದು, ಒಂದು ದಿನ ಹಠಾತ್ತಾಗಿ ಸಿಡಿಯುವ ವಸ್ತು. ಆದುದರಿಂದ ಹಳೆಯ ಟಯರನ್ನು ತೆಗೆದು ಹೊಸದನ್ನು ಹಾಕಿಸುವ ಕಾಲದಲ್ಲಿ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದನ್ನು ಗೃಹಸ್ಥರೂ ಗೃಹಿಣಿಯರೂ ಅರಿತಿರುವುದು ಒಳ್ಳೆಯದು. ಇದನ್ನು ಪೂರ್ಣವಾಗಿ ಅಂಗಡಿಯವನ ಹೊಣೆಗೆ ಬಿಟ್ಟು ನಿಶ್ಚಿಂತರಾಗಿರುವುದು ಉಚಿತವಲ್ಲ.

ನಮ್ಮ ಸೀಮೆಯ ತಿರುಗಾಟ

ಅಮೆರಿಕಾದೇಶದಲ್ಲಿ ಮಲಗುವ ಕೋಣೆ, ಅಡಿಗೆಯ ಒಲೆ ಎಲ್ಲವೂ ಇರುವ ಚಿಕ್ಕ ಮನೆಯನ್ನೇ ಗಾಡಿಯ ಹಿಂದೆ ಕಟ್ಟಿಕೊಂಡು ಊರೂರು ತಿರುಗುವ ಕುಟುಂಬಗಳುಂಟು. ಆ ಎಳೆಮನೆಗಳ ಟಯರುಗಳು ಸವೆದು ಹಾಳಾಗುವುದಕ್ಕಿಂತ ಮೊದಲೇ ಸಿಡಿದು ಹಾಳಾಗುವುದು ಹೆಚ್ಚು. ಕಾರಣ ಎರಡು: ತಿಂಗಳುಗಟ್ಟಲೆ ಒಂದೇ ಕಡೆ ನಿಂತಿರುವುದು, ಹೊರಟಾಗ ಮೈತುಂಬ ಭಾರ ಹೊತ್ತು ಹೊರಡುವುದು.

ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಅಂತಹ ಎಳೆಮನೆಗಳಿಲ್ಲ. ಆದರೆ ಅದೇ ಬಗೆಯ ಬಾಳು ನಡೆಸುವ ಗಾಡಿಗಳು ಧಾರಾಳವಾಗಿವೆ. ಅವುಗಳಲ್ಲಿ ಮೊದಲನೆಯದು ಯಕ್ಷಗಾನ ಮೇಳದ ಗಾಡಿ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸಾಲಿಗ್ರಾಮ, ಪೆರ್ಡೂರು ಮೊದಲಾದ ಮೇಳಗಳು ದೀಪಾವಳಿಯ ತರುವಾಯ ಹೊರಟು ಮಳೆಗಾಲ ಹಿಡಿಯುವ ತನಕ ಊರಿಂದೂರಿಗೆ ಸಾಗುತ್ತವೆ. ಈ ಸಂಚಾರಕ್ಕೆ ನಮ್ಮವರಿಟ್ಟ ಹೆಸರೇ ತಿರುಗಾಟ. ಹಿಂದೆ ವೇಷದ ಪೆಟ್ಟಿಗೆಗಳನ್ನು ಆಳುಗಳು ತಲೆಯ ಮೇಲೆ ಹೊತ್ತು ನಡೆಯುತ್ತಿದ್ದರು. ಈಗ ಪೆಟ್ಟಿಗೆ, ರಂಗಸ್ಥಳದ ಸಾಮಾನು, ದೀಪದ ಸರಂಜಾಮು, ಕಲಾವಿದರು ಎಲ್ಲರನ್ನೂ ಮೋಟಾರುಗಾಡಿಗಳು ಹೊರುತ್ತವೆ. ರಾತ್ರಿಯ ಆಟ ಮುಗಿಸಿ ನಿದ್ದೆಗೆಟ್ಟ ಭಾಗವತರೂ ವೇಷಧಾರಿಗಳೂ ಅದೇ ಗಾಡಿಯಲ್ಲಿ ತಲೆಯೊರಗಿಸಿ ಮುಂದಿನ ಬಿಡಾರಕ್ಕೆ ಹೋಗುತ್ತಾರೆ. ಮಳೆಗಾಲ ಬಂತೆಂದರೆ ಗಾಡಿ ನಿಂತಲ್ಲೇ ನಿಲ್ಲುವುದು.

ಎರಡನೆಯದು ಕುಟುಂಬದ ಗಾಡಿ. ಕೊಲ್ಲೂರಿಗೆ, ಆನೆಗುಡ್ಡೆಗೆ, ಮಂದಾರ್ತಿಗೆ ಹರಕೆ ಸಲ್ಲಿಸಲು, ಮದುವೆಯ ದಿಬ್ಬಣಕ್ಕೆ, ಶಬರಿಮಲೆಯ ಯಾತ್ರೆಗೆ ಇಡೀ ಮನೆಯನ್ನೇ ತುಂಬಿಕೊಂಡು ಹೊರಡುವ ಟೆಂಪೋ, ವ್ಯಾನು, ಜೀಪುಗಳನ್ನು ಯಾರು ಕಂಡಿಲ್ಲ? ಉಳಿದ ದಿನಗಳಲ್ಲಿ ಅವು ಅಂಗಳದ ಬಿಸಿಲಿನಲ್ಲಿ ನಿಂತಿರುತ್ತವೆ. ಮೇಳದ ಗಾಡಿಗೆ ಹೇಳುವ ಮಾತು ಇವುಗಳಿಗೂ ಹೆಚ್ಚುಕಡಮೆ ಒಪ್ಪುವುದು.

ಗಾಳಿ ತುಂಬಿದ ಚಕ್ರದ ಕಥೆ

ಗಾಳಿ ತುಂಬಿದ ಚಕ್ರವನ್ನು ಮೊದಲು ಕಲ್ಪಿಸಿದವನು ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು. ೧೮೪೫ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಆ ಕಾಲದಲ್ಲಿ ಅದು ಬಳಕೆಗೆ ಬರಲಿಲ್ಲ. ೧೮೮೮ರಲ್ಲಿ ಬೆಲ್‌ಫಾಸ್ಟ್ ಪಟ್ಟಣದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರುಚಕ್ರದ ಸೈಕಲ್ಲಿಗೆ ಅಂತಹ ಟಯರನ್ನು ಕಟ್ಟಿಕೊಟ್ಟ ಮೇಲೆ ಲೋಕವೆಲ್ಲ ಅದನ್ನು ಹಿಡಿಯಿತು. ೧೯೪೬ರಲ್ಲಿ ಫ್ರಾನ್ಸಿನ ಮಿಶೆಲಿನ್ ಕಂಪೆನಿಯವರು ರೇಡಿಯಲ್ ಟಯರಿಗೆ ಹಕ್ಕುಪತ್ರ ಪಡೆದರು. ಹಳೆಯ ಬಗೆಯಲ್ಲಿ ಒಳಗಿನ ನೂಲಿನ ಪದರಗಳು ಓರೆಯಾಗಿ ಒಂದರ ಮೇಲೊಂದು ಹಾಯ್ದಿರುತ್ತವೆ. ರೇಡಿಯಲಿನಲ್ಲಿ ಅವು ಅಡ್ಡವಾಗಿ ನೇರ ಹಾಯ್ದು, ಮೇಲೆ ಉಕ್ಕಿನ ಪಟ್ಟಿಗಳು ಬಿಗಿದಿರುತ್ತವೆ. ಇದು ಉಜ್ಜಾಟದಿಂದ ಕಾಯುವುದು ಕಡಮೆ, ಬಾಳುವುದು ಹೆಚ್ಚು.

ಇದಕ್ಕೆಲ್ಲ ಮೂಲವಾದ ರಬ್ಬರನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಜಡ್ಕಲ್, ಮುದೂರುಗಳ ಕಡೆಯ ತೋಟಗಳಲ್ಲಿ ಮರಕ್ಕೆ ಕಟ್ಟಿದ ಚಿಪ್ಪಿನೊಳಕ್ಕೆ ತೊಟ್ಟಿಕ್ಕುವ ಬಿಳಿಯ ಹಾಲೇ ಅದು. ಮರದಿಂದ ಬಂದ ವಸ್ತುವಾದುದರಿಂದ ಅದಕ್ಕೂ ಮುಪ್ಪು ತಪ್ಪದು.

ಟಯರು ಸಾಯುವುದು ಹೇಗೆ?

ಟಯರಿಗೆ ಮುಖ್ಯ ಶತ್ರು ಕಾವು. ಚಕ್ರ ಉರುಳುವಾಗ ನೆಲವನ್ನು ಮುಟ್ಟಿದ ಭಾಗವು ಚಪ್ಪಟೆಯಾಗಿ, ಮೇಲೇಳುತ್ತಲೆ ಮತ್ತೆ ದುಂಡಾಗುತ್ತದೆ. ಹೀಗೆ ನಿಮಿಷಕ್ಕೆ ನೂರಾರು ಸಲ ಬಗ್ಗುವುದರಿಂದ ರಬ್ಬರು ಒಳಗೆ ಬಿಸಿಯಾಗುತ್ತದೆ. ಗಾಳಿ ಕಡಮೆಯಿದ್ದರೆ ಬಗ್ಗುವುದು ಹೆಚ್ಚು. ಭಾರ ಮಿತಿಮೀರಿದ್ದರೂ ಬಗ್ಗುವುದು ಹೆಚ್ಚು. ವೇಗ ಹೆಚ್ಚಿದರೆ ಆ ಕಾವು ಆರಲು ಎಡೆಯೇ ಸಿಕ್ಕದು. ಈ ಮೂರೂ ಒಂದಾದಾಗ ಪದರಗಳ ನಡುವಿನ ಹಿಡಿತ ಬಿಟ್ಟು ಟಯರು ಸಿಡಿಯುತ್ತದೆ. ಚೈತ್ರ ವೈಶಾಖಗಳ ನಡುಹಗಲಿನಲ್ಲಿ, ಕಾದ ಹೆದ್ದಾರಿಯ ಮೇಲೆ, ತುಂಬಿದ ಗಾಡಿಗೆ ಇಂತಹ ವಿಪತ್ತು ಬರುವುದು ಆಶ್ಚರ್ಯವಲ್ಲ. ಹುಲಿಕಲ್ ಅಥವಾ ನಾಗೋಡಿಯ ಘಟ್ಟವನ್ನಿಳಿಯುವಾಗ ಬ್ರೇಕನ್ನೇ ತುಳಿದು ಹಿಡಿದರೆ ಅದರ ಕಾವೂ ಡಿಸ್ಕಿನ ಮೂಲಕ ಟಯರಿಗೆ ಸೇರುವುದು; ಚಿಕ್ಕ ಗೇರಿನಲ್ಲಿಳಿಯುವುದೇ ಲೇಸು.

ಎರಡನೆಯ ಶತ್ರು ವಯಸ್ಸು. ಅಡಿಗೆಮನೆಯ ಕುಕ್ಕರಿನ ರಬ್ಬರು ಬಳೆಯನ್ನು ಗೃಹಿಣಿಯರೆಲ್ಲ ಬಲ್ಲರು. ಹೊಸದಾಗಿದ್ದಾಗ ಮೆತ್ತಗಿದ್ದ ಬಳೆಯು ವರುಷಗಳು ಕಳೆದಂತೆ ಗಡುಸಾಗಿ, ಬಿರುಕುಬಿಟ್ಟು, ಹಬೆಯನ್ನು ಹಿಡಿಯಲಾರದಾಗುತ್ತದೆ. ಟಯರಿನ ಗತಿಯೂ ಅದೇ. ಬಿಸಿಲು, ಗಾಳಿ, ಉಷ್ಣಗಳು ಅದನ್ನು ಸದಾ ಒಣಗಿಸುತ್ತಿರುತ್ತವೆ. ಓಡಿದರೂ ಸರಿ, ಓಡದಿದ್ದರೂ ಸರಿ. ಆದುದರಿಂದಲೇ “ಹ್ವಾಯ್, ಬಟನ್ ಇನ್ನೂ ಇತ್ತಲ್ಲ, ಈ ತಿರ್ಗಾಟಕ್ಕೆ ಆತ್ತ್” ಎಂಬ ಮಾತು ಅಪಾಯಕರ. ಬಟನ್ ಉಳಿದಿರುವುದು ಟಯರು ಸವೆದಿಲ್ಲವೆಂಬುದಕ್ಕೆ ಸಾಕ್ಷಿ, ಮುಪ್ಪಾಗಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಐದು ವರ್ಷ ಕಳೆದ ಟಯರನ್ನು ವರ್ಷಕ್ಕೊಮ್ಮೆಯಾದರೂ ಬಲ್ಲವರಿಂದ ಪರೀಕ್ಷಿಸಬೇಕು. ತಯಾರಾಗಿ ಹತ್ತು ವರ್ಷವಾದುದನ್ನು, ನೋಟಕ್ಕೆ ಹೇಗೇ ಇರಲಿ, ತೆಗೆದುಹಾಕತಕ್ಕದ್ದು. ಭಾರ ಹೊತ್ತು, ಬಿಸಿಲಿನಲ್ಲಿ ನಿಲ್ಲುವ ಗಾಡಿಗೆ ಅಷ್ಟು ಕಾಲ ಕಾಯದಿರುವುದೇ ಜಾಣತನ.

ಟಯರಿನ ಮೈಮೇಲಿನ ಬರಹ

ಟಯರಿನ ಪಕ್ಕೆಯಲ್ಲಿ ಅಚ್ಚೊತ್ತಿರುವ ಅಕ್ಷರಗಳನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಉದಾಹರಣೆಗೆ ೧೯೫/೭೦ ಆರ್ ೧೫ ಸಿ ೧೦೪/೧೦೨ ಆರ್ ಎಂದಿದೆಯೆನ್ನೋಣ. ೧೯೫ ಎಂಬುದು ಟಯರಿನ ಅಗಲ, ಮಿಲಿಮೀಟರುಗಳಲ್ಲಿ. ೭೦ ಎಂಬುದು ಪಕ್ಕೆಯ ಎತ್ತರ ಅಗಲದ ನೂರರಲ್ಲಿ ಎಷ್ಟು ಪಾಲೆಂಬುದು. ಮೊದಲನೆಯ ಆರ್ ಎಂದರೆ ರೇಡಿಯಲ್. ೧೫ ಎಂಬುದು ಡಿಸ್ಕಿನ ಅಳತೆ, ಅಂಗುಲಗಳಲ್ಲಿ. ಸಿ ಎಂಬುದು ಸಾಮಾನು ಹೊರುವ ಗಾಡಿಗೆಂದು ಬಲಪಡಿಸಿದ ಟಯರೆಂಬ ಗುರುತು. ೧೦೪ ಎಂಬುದು ಭಾರದ ಅಂಕ. ಜೋಡಿ ಚಕ್ರಗಳಲ್ಲಿ ಹಾಕಿದಾಗ ಅದು ೧೦೨ ಎಂದು ತಿಳಿಯಬೇಕು. ಕೊನೆಯ ಅಕ್ಷರ ವೇಗದ ಮಿತಿ: ಎಲ್ ಎಂದರೆ ಗಂಟೆಗೆ ೧೨೦ ಕಿಲೋಮೀಟರು, ಎನ್ ಎಂದರೆ ೧೪೦, ಕ್ಯೂ ಎಂದರೆ ೧೬೦, ಆರ್ ಎಂದರೆ ೧೭೦.

ಭಾರದ ಅಂಕವೇ ಇವುಗಳಲ್ಲಿ ಮುಖ್ಯ. ಅದು ಕಿಲೋಗ್ರಾಮಲ್ಲ, ಒಂದು ಸಂಕೇತ. ೯೧ ಎಂದರೆ ೬೧೫ ಕಿಲೋ, ೧೦೦ ಎಂದರೆ ೮೦೦, ೧೦೨ ಎಂದರೆ ೮೫೦, ೧೦೪ ಎಂದರೆ ೯೦೦, ೧೦೯ ಎಂದರೆ ೧೦೩೦ ಕಿಲೋ. ಅದೇ ೧೯೫ರ ಅಗಲವೂ ಅದೇ ೧೫ ಅಂಗುಲದ ಡಿಸ್ಕೂ ಉಳ್ಳ ಕಾರಿನ ಟಯರು, ೧೯೫/೬೫ ಆರ್ ೧೫, ಸಾಮಾನ್ಯವಾಗಿ ೯೧ರ ಅಂಕದ್ದಾಗಿರುತ್ತದೆ. ಅಂದರೆ ಒಂದೊಂದು ಚಕ್ರಕ್ಕೆ ೨೮೫ ಕಿಲೋ ಕಡಮೆ ಬಲ! ಡಿಸ್ಕಿಗೆ ಕೂಡುತ್ತದೆ, ಬೆಲೆಯೂ ಇಳಿಯುತ್ತದೆ ಎಂದು ಕಾರಿನ ಟಯರನ್ನು ಸಾಮಾನು ಹೊರುವ ಗಾಡಿಗೆ ಹಾಕಿಸುವುದು ಎಂತಹ ಸಾಹಸವೆಂಬುದು ಇದರಿಂದ ವ್ಯಕ್ತವಾಗುವುದು.

ತಯಾರಾದ ಕಾಲವನ್ನು ತಿಳಿಯಲು ಡಿಓಟಿ ಎಂಬ ಮೂರಕ್ಷರಗಳನ್ನು ಹುಡುಕಬೇಕು. ಆ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ೨೩೨೪ ಎಂದಿದ್ದರೆ ೨೦೨೪ನೆಯ ಇಸವಿಯ ೨೩ನೆಯ ವಾರದಲ್ಲಿ ತಯಾರಾದುದು ಎಂದರ್ಥ. ಒಂದು ಪಕ್ಕೆಯಲ್ಲಿ ಕಾಣದಿದ್ದರೆ ಇನ್ನೊಂದು ಪಕ್ಕೆಯಲ್ಲಿರುವುದು. ನಮ್ಮ ದೇಶದಲ್ಲಿ ೨೦೦೯ರಲ್ಲಿ ಹೊರಟ ಸರಕಾರದ ಆಜ್ಞೆಯಂತೆ ಟಯರಿನ ಮೇಲೆ ಐಎಸ್‌ಐ ಗುರುತೂ ಇರಬೇಕು. ಆ ಗುರುತಿಲ್ಲದ ಟಯರು ಎಷ್ಟು ಅಗ್ಗವಾದರೂ ನಮಗೆ ಬೇಡ.

ಭಾರವನ್ನು ತೂಗಿ ನೋಡಿರಿ

“ಗಾಡಿಗೆ ಅಷ್ಟೇನೂ ಭಾರವಿಲ್ಲ” ಎಂದು ಊಹಿಸುವುದಕ್ಕಿಂತ, ತಿರುಗಾಟಕ್ಕೆ ಹೊರಟಂತೆಯೇ ಜನ ಸಾಮಾನುಗಳೊಡನೆ ಗಾಡಿಯನ್ನು ವೇಬ್ರಿಜ್ಜಿಗೆ ಒಯ್ದು ತೂಗಿಸುವುದು ಮೇಲು. ಮೊದಲು ಇಡೀ ಗಾಡಿಯನ್ನು, ತರುವಾಯ ಹಿಂದಿನ ಚಕ್ರಗಳನ್ನು ಮಾತ್ರ ತೂಗಿಸಬೇಕು.

ಹಿಂದಿನ ಎರಡು ಚಕ್ರಗಳ ಮೇಲೆ ಒಟ್ಟು ೧೭೬೦ ಕಿಲೋ ಬಿತ್ತೆಂದು ಇಟ್ಟುಕೊಳ್ಳೋಣ. ಚಕ್ರವೊಂದಕ್ಕೆ ೮೮೦ ಕಿಲೋ. ೧೦೪ರ ಅಂಕದ ಟಯರು ೯೦೦ ಕಿಲೋ ಹೊರುವುದರಿಂದ ಸಾಕೆಂದು ತೋರಬಹುದು. ಆದರೆ ಪೆಟ್ಟಿಗೆಗಳೆಲ್ಲ ಒಂದೇ ಮಗ್ಗುಲಿಗೆ ಸೇರಿದ್ದರೆ ಒಂದು ಚಕ್ರಕ್ಕೆ ೯೪೦, ಮತ್ತೊಂದಕ್ಕೆ ೮೨೦ ಆಗಬಹುದು. ಆಗ ಮೊದಲನೆಯದು ಮಿತಿಯನ್ನು ದಾಟಿತು. ೧೦೯ರ ಅಂಕದ ಟಯರಾದರೆ ೯೪೦ ಹೊತ್ತ ಮೇಲೂ ೯೦ ಕಿಲೋ ಉಳಿತಾಯವುಂಟು. ಗಾಡಿಯನ್ನು ತಯಾರಿಸಿದವರು ಹೇಳಿದ ಅಂಕಕ್ಕಿಂತ ಕಡಮೆಯದನ್ನು ಎಂದೂ ಕೊಳ್ಳಬಾರದು. ಅದೇ ಅಳತೆಯಲ್ಲಿ ಸ್ವಲ್ಪ ಮೇಲಿನ ಅಂಕದ್ದು ದೊರೆತರೆ ಕೊಳ್ಳಬಹುದು. ಹಾಗೆಂದು ಬಲವಾದ ಟಯರು ಹಾಕಿದೆವೆಂಬ ಧೈರ್ಯದಿಂದ ಗಾಡಿಗೆ ಹೆಚ್ಚು ಭಾರ ತುಂಬಲಾಗದು. ಅಚ್ಚು, ಸ್ಪ್ರಿಂಗು, ಬ್ರೇಕುಗಳ ಬಲ ಹಿಂದಿನಷ್ಟೇ ಇರುವುದು.

ಇನ್ನೊಂದು ಸಂಗತಿ: ಭಾರದ ಅಂಕವು ತಕ್ಕಷ್ಟು ಗಾಳಿಯಿದ್ದಾಗ ಮಾತ್ರ ನಿಜ. ಎಷ್ಟು ಗಾಳಿ ಬೇಕೆಂಬುದನ್ನು ಚಾಲಕನ ಬಾಗಿಲಿನ ಬದಿಯ ಚೀಟಿಯಲ್ಲಿ ಅಥವಾ ಗಾಡಿಯ ಕೈಪಿಡಿಯಲ್ಲಿ ಬರೆದಿರುತ್ತಾರೆ. ಬರಿಯ ಗಾಡಿಗೊಂದು, ತುಂಬಿದ ಗಾಡಿಗೊಂದು ಲೆಕ್ಕವಿರುವುದುಂಟು. ಗಾಳಿಯನ್ನು ಅಳೆಯುವುದು ಬೆಳಗ್ಗೆ, ಗಾಡಿ ಓಡುವ ಮೊದಲು. ಓಡಿ ಬಿಸಿಯಾದ ಮೇಲೆ ಒತ್ತಡ ತಾನಾಗಿ ಏರುತ್ತದೆ. ಅದನ್ನು ಕಂಡು ಗಾಳಿ ಬಿಡುವುದು ತಪ್ಪು. ಜೋಡಿ ಚಕ್ರಗಳಿದ್ದಲ್ಲಿ ಒಳಗಿನದನ್ನೂ ಅಳೆಯಬೇಕು. ಒಂದರಲ್ಲಿ ಗಾಳಿ ಇಳಿದರೆ ಅದರ ಭಾರವೆಲ್ಲ ಜೊತೆಯದರ ಮೇಲೆ ಬೀಳುವುದು.

ಕೊಳ್ಳುವಾಗಲೂ ಹಾಕಿಸುವಾಗಲೂ

ಒಂದೇ ಅಚ್ಚಿನ ಎರಡು ಬದಿಗೂ ಒಂದೇ ಅಳತೆಯ, ಒಂದೇ ಬಗೆಯ, ಒಂದೇ ಸವೆತದ ಟಯರುಗಳಿರಬೇಕು. ಒಂದು ಬದಿಗೆ ರೇಡಿಯಲ್, ಇನ್ನೊಂದು ಬದಿಗೆ ಹಳೆಯ ನೈಲಾನ್ ಟಯರು ಹಾಕಿಸುವುದು ಸರ್ವಥಾ ಕೂಡದು. ಕಾರು, ವ್ಯಾನುಗಳಿಗೆ ಎರಡೇ ಹೊಸ ಟಯರು ಕೊಳ್ಳುವುದಾದರೆ ಅವನ್ನು ಹಿಂದಕ್ಕೆ ಹಾಕಿಸಬೇಕೆಂದು ಬಲ್ಲವರು ಹೇಳುತ್ತಾರೆ. ಇದು ಹಲವರಿಗೆ ವಿಚಿತ್ರವೆನಿಸಬಹುದು. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ವೇಗವಿಳಿಸಿ ಹಿಡಿತಕ್ಕೆ ತರಬಹುದು; ಹಿಂದಿನದು ಜಾರಿದರೆ ಗಾಡಿ ತಿರುಗಿಬೀಳುವುದು ಎಂಬುದೇ ಅದರ ಕಾರಣ. ಹಿಂದೆ ಜೋಡಿ ಚಕ್ರಗಳಿರುವ ಲಾರಿ ಬಸ್ಸುಗಳಲ್ಲಾದರೋ, ಮುಂದಿನ ಒಂಟಿ ಟಯರು ಸಿಡಿದರೆ ಸ್ಟೇರಿಂಗು ಕೈಬಿಡುವುದರಿಂದ, ಒಳ್ಳೆಯ ಟಯರು ಮುಂದಕ್ಕೆ ಬೇಕು.

ರೀಸೋಲ್ ಮಾಡಿದ ಟಯರುಗಳನ್ನು ಒಮ್ಮೆಲೆ ಹಳಿಯಲಾಗದು. ನೆಚ್ಚಿನ ಕಾರ್ಖಾನೆಯಲ್ಲಿ, ಗಟ್ಟಿಮುಟ್ಟಾದ ಹಳೆಯ ಟಯರಿಗೆ ಮಾಡಿದ ರೀಸೋಲು ಲಾರಿ ಬಸ್ಸುಗಳ ಹಿಂದಿನ ಜೋಡಿ ಚಕ್ರಗಳಲ್ಲಿ ಚೆನ್ನಾಗಿ ನಡೆಯುವುದುಂಟು. ಆದರೆ ಮುಂದಿನ ಚಕ್ರಗಳಿಗೆ ಅದು ಬೇಡ. ಯಾವ ಗಾಡಿಯಲ್ಲಿ ಎಷ್ಟು ಬಿಸಿಲು ಕಂಡಿತೋ ತಿಳಿಯದ ಸೆಕೆಂಡ್‌ಹ್ಯಾಂಡ್ ಟಯರಂತೂ ಕುಟುಂಬದ ಗಾಡಿಗೆ ಯಾವ ಚಕ್ರಕ್ಕೂ ಬೇಡ.

ಹೊಸ ಟಯರಿನೊಡನೆ ಹೊಸ ವಾಲ್ವನ್ನೂ ಹಾಕಿಸಿರಿ. ಮರವಂತೆ, ತ್ರಾಸಿ, ಉಪ್ಪುಂದಗಳಂತಹ ಕಡಲತಡಿಯ ಊರುಗಳಲ್ಲಿ ಉಪ್ಪುಗಾಳಿಗೆ ಕಬ್ಬಿಣದ ಡಿಸ್ಕು ಬೇಗ ತುಕ್ಕು ಹಿಡಿಯುತ್ತದೆ. ಟಯರು ಕೂರುವ ಅಂಚಿನಲ್ಲಿ ತುಕ್ಕು ಕಟ್ಟಿದ್ದರೆ ಟ್ಯೂಬ್‌ಲೆಸ್ ಟಯರಿನ ಗಾಳಿ ಸದ್ದಿಲ್ಲದೆ ಸೋರಿಹೋಗುವುದು. ಆದುದರಿಂದ ಟಯರನ್ನು ಕಳಚಿದಾಗಲೆ ಅಂಚನ್ನು ಉಜ್ಜಿ ಶುಚಿಮಾಡಿಸಬೇಕು. ಸ್ಟೆಪ್ನಿಯನ್ನೂ ಮರೆಯಬಾರದು. ಎಂಟು ಹತ್ತು ವರ್ಷ ಗಾಡಿಯಡಿಯಲ್ಲಿ ನೇತಾಡಿದ ಸ್ಟೆಪ್ನಿ ನೋಟಕ್ಕೆ ಹೊಸದು, ವಯಸ್ಸಿನಲ್ಲಿ ಹಳೆಯದು. ಆಪತ್ಕಾಲಕ್ಕೆಂದು ಇಟ್ಟುಕೊಂಡದ್ದೇ ಆಪತ್ತನ್ನು ತರಬಾರದಷ್ಟೆ?

ಮಳೆ ಮತ್ತು ಬೋಳು ಟಯರು

ನಮ್ಮ ಮಳೆಯ ಪ್ರತಾಪವನ್ನು ನಮ್ಮವರಿಗೆ ವರ್ಣಿಸಬೇಕಾಗಿಲ್ಲ. ಟಯರಿನ ಮೇಲಿನ ಕಾಲುವೆಗಳು ಇರುವುದು ಚಕ್ರದಡಿಯ ನೀರನ್ನು ಹೊರಕ್ಕೆ ಹರಿಸಲಿಕ್ಕೆ. ಅವು ಸವೆದುಹೋದರೆ ನೀರಿಗೆ ದಾರಿಯಿಲ್ಲದೆ, ಚಕ್ರವು ನೀರಿನ ಪದರದ ಮೇಲೆ ದೋಣಿಯಂತೆ ತೇಲುವುದು. ಆಗ ಸ್ಟೇರಿಂಗಾಗಲಿ ಬ್ರೇಕಾಗಲಿ ಕೇಳದು. ಅಮೆರಿಕದ ನಾಸಾ ಸಂಸ್ಥೆಯವರು ೧೯೬೩ರಲ್ಲಿ ವಿಮಾನದ ಚಕ್ರಗಳ ವಿಷಯವಾಗಿ ಪ್ರಕಟಿಸಿದ ಒಂದು ಸ್ಥೂಲ ಸೂತ್ರದಂತೆ, ತೇಲತೊಡಗುವ ವೇಗವು ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುವುದು. ಆ ಲೆಕ್ಕದಲ್ಲಿ ೩೬ ಪೌಂಡು ಗಾಳಿಯಿದ್ದರೆ ಗಂಟೆಗೆ ಸುಮಾರು ೧೦೦ ಕಿಲೋಮೀಟರು, ೨೫ ಪೌಂಡಿಗೆ ಇಳಿದರೆ ಸುಮಾರು ೮೩ ಕಿಲೋಮೀಟರು. ಗಾಳಿ ಕಡಮೆಯಾದರೆ ಬೇಸಗೆಯಲ್ಲಿ ಸಿಡಿಯುವ ಭಯ, ಮಳೆಗಾಲದಲ್ಲಿ ತೇಲುವ ಭಯ. ಎರಡಕ್ಕೂ ಮದ್ದು ಒಂದೇ.

ಕಾರು, ಬಸ್ಸು, ಲಾರಿಗಳಿಗೆ ಕಾಲುವೆಯ ಆಳ ೧.೬ ಮಿಲಿಮೀಟರಿಗಿಂತ ಕಡಮೆಯಾಗಬಾರದೆಂದು ಕಾನೂನು ಹೇಳುತ್ತದೆ. ಆ ಮಟ್ಟವನ್ನು ತೋರಿಸಲು ಕಾಲುವೆಗಳ ನಡುವೆ ಚಿಕ್ಕ ದಿಂಡುಗಳಿರುತ್ತವೆ. ಟಯರು ಸವೆದು ಅವುಗಳ ಮಟ್ಟಕ್ಕೆ ಬಂದರೆ ಆಯುಷ್ಯ ಮುಗಿಯಿತು. ಆದರೆ ಕಾನೂನಿನ ಮಿತಿ ಕೊನೆಯ ಮಿತಿ. ಒದ್ದೆ ನೆಲದ ಹಿಡಿತ ಅದಕ್ಕೆ ಮೊದಲೇ ಕುಗ್ಗುವುದರಿಂದ, ೩ ಮಿಲಿಮೀಟರಿಗೆ ಬಂದ ಟಯರುಗಳನ್ನು ಮಳೆಗಾಲಕ್ಕೆ ಮುಂಚೆಯೇ ಬದಲಾಯಿಸುವುದು ಈ ಕರಾವಳಿಗೆ ತಕ್ಕ ಪದ್ಧತಿ.

ನಿಂತ ಗಾಡಿಯ ಆರೈಕೆ

ಮೇಳವು ತಿರುಗಾಟ ಮುಗಿಸಿದ ಮೇಲೆ ಗಾಡಿಯನ್ನು ಕೆಸರಿನಲ್ಲಿ ನಿಲ್ಲಿಸಿ ಬಿಡಬಾರದು. ಪೆಟ್ಟಿಗೆಗಳನ್ನಿಳಿಸಿ ಭಾರ ತೆಗೆದು, ನೆರಳಿರುವ ಒಣ ನೆಲದಲ್ಲಿ ನಿಲ್ಲಿಸಬೇಕು. ಗಾಳಿಯನ್ನು ಪೂರ್ಣವಾಗಿಟ್ಟು ತಿಂಗಳಿಗೊಮ್ಮೆ ನೋಡಬೇಕು. ಅನುಕೂಲವಿದ್ದರೆ ಅಚ್ಚಿಗೆ ಮರದ ದಿಮ್ಮಿ ಕೊಟ್ಟು ಚಕ್ರಗಳ ಭಾರವನ್ನಿಳಿಸಬಹುದು. ಇಲ್ಲವಾದರೆ ಆಗಾಗ ಗಾಡಿಯನ್ನು ಸ್ವಲ್ಪ ಮುಂದಕ್ಕೊತ್ತಿ ಚಕ್ರದ ಬೇರೊಂದು ಭಾಗ ನೆಲ ಮುಟ್ಟುವಂತೆ ಮಾಡಬೇಕು. ಮತ್ತೆ ಹೊರಡುವ ಮುನ್ನ ಪಕ್ಕೆಯಲ್ಲಿ ಉಬ್ಬು, ಬಿರುಕು, ಕೊಯ್ತಗಳುಂಟೋ ಎಂದು ಕೈಯಾಡಿಸಿ ನೋಡಬೇಕು. ಉಬ್ಬಿದ ಟಯರಿಗೆ ಚಿಕಿತ್ಸೆಯಿಲ್ಲ, ಬದಲಾವಣೆಯೊಂದೇ ಗತಿ.

ಖರ್ಚಿನ ಮಾತು

ಹಣದ ಅಡಚಣೆಯನ್ನು ಯಾರೂ ಅಲ್ಲಗಳೆಯಲಾರರು. ಆದರೂ ಒಂದು ಲೆಕ್ಕ ಹಾಕಿ ನೋಡೋಣ. ಒಳ್ಳೆಯ ಟಯರಿಗೂ ಸಾಧಾರಣ ಟಯರಿಗೂ ಒಂದಕ್ಕೆ ೨೦೦೦ ರೂಪಾಯಿಯ ಅಂತರವಿದೆಯೆಂದು ಭಾವಿಸಿದರೆ ನಾಲ್ಕಕ್ಕೆ ೮೦೦೦. ಐದು ವರ್ಷ ಬಾಳಿದರೆ ವರ್ಷಕ್ಕೆ ೧೬೦೦. ಒಂದು ತಿರುಗಾಟದಲ್ಲಿ ೧೮೦ ರಾತ್ರಿಗಳೆಂದರೆ ರಾತ್ರಿಯೊಂದಕ್ಕೆ ೯ ರೂಪಾಯಿಗಿಂತಲೂ ಕಡಮೆ. ಒಬ್ಬರು ಚಹ ಕುಡಿಯುವ ಹಣದಲ್ಲಿ ಒಂದು ಗಾಡಿಯ ಜನರೆಲ್ಲರ ನಿದ್ದೆಗೆ ಕಾವಲು ದೊರೆಯುವುದಾದರೆ ಅದನ್ನು ದುಬಾರಿಯೆನ್ನಬಹುದೇ?

ಇದರಲ್ಲಿ ಮನೆಮಂದಿಯೆಲ್ಲರಿಗೂ ಪಾಲುಂಟು. ನಾಲ್ಕು ಅಂಕಿಗಳನ್ನು ಓದಿ ಟಯರಿನ ವಯಸ್ಸು ಹೇಳುವ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳಿಗೆ ಒಪ್ಪಿಸಬಹುದು. ಅವರಿಗದು ಒಂದು ಆಟವೇ ಆಗುವುದು. ಟಯರು ಕೊಂಡ ತಾರೀಖನ್ನು ಗೃಹಿಣಿಯು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಬಹುದು. ಯಾತ್ರೆಗೆ ಬಾಡಿಗೆಯ ಗಾಡಿಯನ್ನು ಗೊತ್ತುಮಾಡುವಾಗ ಬಾಡಿಗೆಯೆಷ್ಟೆಂದು ಕೇಳುವುದರೊಂದಿಗೆ ಟಯರು ಯಾವ ಇಸವಿಯದೆಂದು ಕೇಳಿದರೆ ಯಾರೂ ಬೇಸರಿಸುವಂತಿಲ್ಲ. ಬಲ್ಲ ಚಾಲಕನು ಅಂತಹ ಪ್ರಶ್ನೆಯನ್ನು ಮೆಚ್ಚಿಯೇ ಮೆಚ್ಚುವನು. ಕೇಳುವವರು ಹೆಚ್ಚಿದಂತೆ ಮುಪ್ಪಾದ ಟಯರುಗಳು ರಸ್ತೆಯಿಂದ ತಾವಾಗಿಯೇ ಹಿಂದೆ ಸರಿಯುವುವು.